ಹಿಂಬದಿಯ ಎಡ ಸೀಟು

ಮಕ್ಕಳ ಸೀಟು ಮೂರನ್ನೂ ಒಂದೇ ಸಾಲಿನಲ್ಲಿ ಹಿಡಿಸಬೇಕೆಂದು ಗುರುಬಸವ ಶೋರೂಮಿನಲ್ಲಿ ಅಂಗಿ ತೊಯ್ಯುವಷ್ಟು ಹೆಣಗಿದ. ಎರಡು ಕೂತವು. ಮೂರನೆಯದನ್ನು ಒತ್ತಿದರೆ ಬಾಗಿಲು ಬೀಳುತ್ತಿರಲಿಲ್ಲ. ಬಾಗಿಲು ಹಾಕಿದರೆ ನಡುವಿನ ಸೀಟಿನ ಬೆಲ್ಟಿಗೆ ಕೈ ಎಟುಕುತ್ತಿರಲಿಲ್ಲ. ಆದರೂ ಅವನ ಜೀವವೆಲ್ಲ ಆ ಕೆಂಪು ಬಣ್ಣದ ಸಣ್ಣ ಕಾರಿನ ಮೇಲೆಯೇ ಇತ್ತು.

"ಇನ್ನೊಂಚೂರು ಒತ್ತಿದ್ರ ಕೂಡತೈತಿ ನೋಡು," ಎಂದ.

"ಒತ್ತಿ ಕೂಡಿಸ್ರಿ. ಆಮೇಲೆ ನಾಕನೇದಕ್ಕೆ ಎಲ್ಲಿ ಜಾಗಾ ಮಾಡ್ತೀರಿ? ಡಿಕ್ಕಿಯೊಳಗ?" ಎಂದಳು ನೀಲಾಂಬಿಕಾ. ಅವಳ ಕಂಕುಳಲ್ಲಿ ಎಂಟು ತಿಂಗಳ ಗಂಗಾ ಇದ್ದಳು. ನಾಲ್ಕು ವರ್ಷದ ಅವಳಿ ಹುಡುಗರು, ಸಂಗಮ ಮತ್ತು ಶರಣು, ಪ್ರದರ್ಶನಕ್ಕೆ ನಿಲ್ಲಿಸಿದ್ದ ಕಾರುಗಳ ನಡುವೆ ಓಡಾಡುತ್ತ ಗಾಜಿಗೆಲ್ಲ ಅಂಗೈ ಒತ್ತುತ್ತಿದ್ದರು. ಏಳು ವರ್ಷದ ಮುಕ್ತಾ ಅವರ ಹಿಂದೆಯೇ ಹೋಗಿ ತನ್ನ ಫ್ರಾಕಿನ ಅಂಚಿನಿಂದ ಆ ಗುರುತುಗಳನ್ನು ಒರೆಸುತ್ತಿದ್ದಳು.

ಮುಕ್ತಾ ನೀಲಾಂಬಿಕಾಳ ಅಕ್ಕನ ಮಗಳು. ಎರಡು ವರ್ಷದ ಹಿಂದೆ ಬಂದ ಜ್ವರದ ಅಲೆಯಲ್ಲಿ ಅಕ್ಕ, ಭಾವ ಇಬ್ಬರೂ ಒಂದೇ ವಾರದಲ್ಲಿ ಹೋಗಿದ್ದರು. ಆಸ್ಪತ್ರೆಯಿಂದ ನೆಟ್ಟಗೆ ಈ ಮನೆಗೆ ಬಂದ ಹುಡುಗಿ ಅಂದಿನಿಂದ ಯಾವುದಕ್ಕೂ ಹಟ ಮಾಡಿದವಳಲ್ಲ. ನೀಲಾಂಬಿಕಾಳನ್ನು "ಚಿಗವ್ವಾ" ಎಂದು, ಗುರುಬಸವನನ್ನು "ಕಾಕಾ" ಎಂದು ಕರೆಯುತ್ತಿದ್ದಳು. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕೊಟ್ಟಿದ್ದನ್ನು ಉಡುತ್ತಿದ್ದಳು.

ಶೋರೂಮಿನವನು ಅವರನ್ನು ಒಂದು ಬೂದಿ ಬಣ್ಣದ ಗಾಡಿಯ ಬಳಿ ಕರೆದೊಯ್ದ. ಅದರ ಹೆಸರು 'ಬಳಗ'. ಮುಂದೆ ಎರಡು ಸೀಟು, ನಡುವೆ ಎರಡು, ಹಿಂದೆ ಎರಡು. ನಡುವೆ ನಡೆದುಹೋಗಲು ದಾರಿ. ಬಾಗಿಲುಗಳು ಪಕ್ಕಕ್ಕೆ ಸರಿಯುತ್ತಿದ್ದವು, ಹಾಗಾಗಿ ಹುಡುಗರು ಬಾಗಿಲು ಬಡಿದು ಪಕ್ಕದವರ ಗಾಡಿ ಕೆಡಿಸುವ ಭಯವಿಲ್ಲ. ನೆಲಕ್ಕೆ ರಬ್ಬರು ಹಾಸಿದ್ದರು. ವಾಂತಿಯಾದರೆ ಒಂದು ಬಿಂದಿಗೆ ನೀರು ಹೊಯ್ದರೆ ಸಾಕು. ಕೂಸಿನ ತಳ್ಳುಗಾಡಿಯನ್ನು ಮಡಚದೆ ಹಿಂದೆ ಇಡಬಹುದಿತ್ತು.

"ಥೇಟ್ ಸಾಲಿ ಟೆಂಪೋ ಆತಲ್ಲ ಇದು," ಗುರುಬಸವ ಮೋರೆ ಸಣ್ಣದು ಮಾಡಿದ. ಅವನು ಹೈಸ್ಕೂಲ್ ಮಾಸ್ತರ. ದಿನವಿಡೀ ಹುಡುಗರ ನಡುವೆ ಇದ್ದು ಬಂದವನಿಗೆ ಟೆಂಪೋದಂಥ ಕಾರು ಹೇಗೆ ಹಿಡಿಸೀತು?

"ಸಾಲೀನ ಅಲ್ಲೇನ್ರಿ ನಮ್ಮ ಮನಿ," ಎಂದಳು ನೀಲಾಂಬಿಕಾ. ಅವನು ನಕ್ಕ. ಅದೇ ಕಾರೆಂದು ಗಟ್ಟಿಯಾಯಿತು.

"ನಿರ್ಧಾರಕ ಇದರಾಗೂ ಅದಲ್ಲ?" ಎಂದು ಗುರುಬಸವ ಕೇಳಿದ.

"ಅದಿಲ್ಲದ ಗಾಡಿ ಈಗ ಮಾರಂಗೇ ಇಲ್ರೀ ಸರ್, ಕಾಯ್ದೆ ಅದ. ನಿಮ್ಮ ಮನಿ ಮಂದೀನ್ನ ಅದು ತಾನ ಕಲಕೊಳ್ತದ. ನೀವೇನೂ ಹೇಳೂದು ಬೇಕಾಗಿಲ್ಲ. ಮ್ಯಾಡಮ್ಮಾರಿಗೆ ನಾ ಹೇಳೂದೇನದ, ಅವರು ಅಲ್ಲೇ ಕೆಲಸಾ ಮಾಡೂವರು."

ಅವಳು ಅಲ್ಲಿಯೇ ಕೆಲಸ ಮಾಡುತ್ತಿದ್ದಳು. ಧಾರವಾಡದ ಹೊರಗಿನ ವಾಹನ ಪರೀಕ್ಷಾ ಕೇಂದ್ರದಲ್ಲಿ ನಿರ್ಧಾರಕದ ಚಕ್ರ ವಿಭಾಗ ಅವಳದು. ಯಂತ್ರದ ತತ್ವ ಸರಳ. ಡಿಕ್ಕಿ ಇನ್ನು ತಪ್ಪುವುದಿಲ್ಲ ಎಂದು ಖಾತ್ರಿಯಾದ ಗಳಿಗೆಯಲ್ಲಿ, ಮನುಷ್ಯ ಕಣ್ಣು ಮಿಟುಕಿಸುವುದರೊಳಗೆ, ನಿರ್ಧಾರಕ ಒಂದೊಂದು ಚಕ್ರವನ್ನು ಬೇರೆಬೇರೆಯಾಗಿ ಬಿಗಿದು ಗಾಡಿಯನ್ನು ಗಿರ್ರನೆ ತಿರುಗಿಸುತ್ತದೆ. ಪೆಟ್ಟೆಲ್ಲ ಗಾಡಿಯ ಒಂದು ಮೂಲೆಗೆ ಬೀಳುತ್ತದೆ. ಆ ಮೂಲೆ ನಜ್ಜುಗುಜ್ಜಾಗುತ್ತದೆ, ಉಳಿದವು ಉಳಿಯುತ್ತವೆ. ಅದು ಬಂದ ಮೇಲೆ ರಸ್ತೆಯಲ್ಲಿ ಸಾಯುವವರು ಅರ್ಧಕ್ಕೆ ಇಳಿದಿದ್ದರು. ಹಿಂದೆ ಇಡೀ ಮನೆತನಗಳೇ ಒಂದು ಗಾಡಿಯಲ್ಲಿ ಅಳಿಸಿಹೋಗುತ್ತಿದ್ದವು. ಈಗ ಒಬ್ಬರು ಹೋಗುತ್ತಿದ್ದರು. ಚಕ್ರ ಹೇಗೆ ಬಿಗಿಯಬೇಕು ಎಂಬುದು ಅವಳಿಗೆ ಕರತಲಾಮಲಕ. ಯಾವ ಮೂಲೆ ಎಂಬುದನ್ನು ಗೊತ್ತುಮಾಡುವುದು ಮೇಲಿನ ಮಹಡಿಯವರ ಕೆಲಸ. ಸೀಟು ಖಾಲಿ ಇದ್ದರೆ ಆ ಮೂಲೆ, ಇಲ್ಲದಿದ್ದರೆ ಬಲವಾದ ಮೈಯವರು ಕೂತ ಮೂಲೆ, ಹೀಗೇ ಏನೋ ಇರಬೇಕು ಎಂದುಕೊಂಡಿದ್ದಳು. ಹೆಚ್ಚು ಕೇಳಲು ಹೋಗಿರಲಿಲ್ಲ.

ಕಾರು ಬಂತು. ಗಂಗಾಳ ಸೀಟು ನಡುವಿನ ಸಾಲಿನ ಎಡಕ್ಕೆ, ಅಮ್ಮನಿಗೆ ಕೈಗೆಟುಕುವಂತೆ. ಸಂಗಮ ಅದೇ ಸಾಲಿನ ಬಲಕ್ಕೆ, ಶರಣು ಅವನ ಹಿಂದೆ. ಮುಕ್ತಾ ದೊಡ್ಡವಳು, ತಾನೇ ಹತ್ತಿ ಬೆಲ್ಟು ಹಾಕಿಕೊಳ್ಳಬಲ್ಲಳು. ಅವಳದು ಹಿಂಬದಿಯ ಎಡ ಸೀಟು. ಹಾಗೆಂದು ಯಾರೂ ಗೊತ್ತುಮಾಡಲಿಲ್ಲ. ಮೊದಲ ದಿನ ಉಳಿದ ಸೀಟಿನಲ್ಲಿ ಅವಳು ಹೋಗಿ ಕೂತಳು, ಅಷ್ಟೇ.

ವರ್ಷ ತುಂಬಿದಾಗ ಕಾರಿನ ನಿರ್ಧಾರಕವನ್ನು ತಪಾಸಣೆಗೆ ಕೊಡಬೇಕಾಯಿತು. ಸಿಬ್ಬಂದಿಯ ಗಾಡಿಗಳದನ್ನು ಕೇಂದ್ರದಲ್ಲೇ ನೋಡುತ್ತಿದ್ದರು. ಆ ವಾರ ಚಕ್ರ ವಿಭಾಗಕ್ಕೊಂದು ಹೊಸ ಪರೀಕ್ಷೆ ಇತ್ತು. ಹೇಗೂ ಕೈಯಲ್ಲಿದೆಯಲ್ಲ ಎಂದು ನೀಲಾಂಬಿಕಾ ತನ್ನದೇ ಕಾರಿನ ನಿರ್ಧಾರಕವನ್ನು ಹಳಿಯ ಮೇಲಿನ ಗಾಡಿಗೆ ಜೋಡಿಸಿದಳು. ಗಾಡಿಯಲ್ಲಿ ಬೊಂಬೆಗಳಿದ್ದವು. ನಿರ್ಧಾರಕಕ್ಕೆ ಪ್ರತಿ ಬೊಂಬೆಯೂ ತಾನು ಬಲ್ಲ ಮಗುವೇ ಎನ್ನಿಸುವಂತೆ ತೂಕ, ಮುಖ, ದನಿ ಎಲ್ಲ ಹೊಂದಿಸಬಹುದಿತ್ತು. ಅವಳು ನಾಲ್ಕು ಬೊಂಬೆಗಳನ್ನು ತನ್ನ ಮನೆಯ ಮಕ್ಕಳಂತೆಯೇ ಹೊಂದಿಸಿ ಅವರವರ ಸೀಟಿನಲ್ಲಿ ಕೂರಿಸಿದಳು.

ಗಾಜಿನ ಆಚೆ ಗಾಡಿ ಓಡಿತು. ಬಲದಿಂದ ಲಾರಿ ನುಗ್ಗಿದಂತೆ ಸಂಕೇತ ಕೊಟ್ಟರು. ಗಾಡಿ ತಿರುಗಿ ತನ್ನ ಹಿಂಬದಿಯ ಎಡ ಮೂಲೆಯನ್ನು ಗೋಡೆಗೆ ಕೊಟ್ಟಿತು.

ಎಡದಿಂದ ಲಾರಿ. ಹಿಂಬದಿಯ ಎಡ ಮೂಲೆ.

ಎದುರಿನಿಂದ ಲಾರಿ ಬಂದಾಗ ಗಾಡಿ ಬುಗುರಿಯಂತೆ ಅರ್ಧ ಸುತ್ತು ಹೊಡೆಯಬೇಕಾಯಿತು. ಹೊಡೆಯಿತು. ಅದೇ ಮೂಲೆ.

ಆ ಮೂಲೆಯ ಕಬ್ಬಿಣ ಗಟ್ಟಿ ಇರಬೇಕು ಎಂದುಕೊಂಡು ಅವಳು ಹಿಂದಿನ ಎರಡು ಬೊಂಬೆಗಳನ್ನು ಅದಲುಬದಲು ಮಾಡಿದಳು. ಮುಕ್ತಾಳದು ಬಲಕ್ಕೆ ಬಂತು. ಗಾಡಿ ಹಿಂಬದಿಯ ಬಲ ಮೂಲೆಯನ್ನು ಕೊಟ್ಟಿತು. ಮುಕ್ತಾಳ ಬೊಂಬೆಯನ್ನು ನಡುವಿನ ಸಾಲಿಗೆ ತಂದಳು. ಗಾಡಿ ಅಲ್ಲಿಗೇ ಪೆಟ್ಟು ತೆಗೆದುಕೊಂಡಿತು.

ಕಲಿಕೆಯ ವಿಭಾಗದ ಜಯತೀರ್ಥ ಅಷ್ಟೊತ್ತಿಗೆ ಯಾವುದೋ ಕೆಲಸಕ್ಕೆ ಕೆಳಗೆ ಬಂದಿದ್ದ. ಅದು ಯಾರ ಕಾರಿನದೆಂದು ಅವನಿಗೆ ತಿಳಿದಿರಲಿಲ್ಲ. ಪರದೆಯನ್ನು ಒಮ್ಮೆ ನೋಡಿ, "ಸರಿ ಐತಲ್ರೀ ಮೇಡಂ. ಈ ಮನಿಯೊಳಗ ನಾಕನೇ ಕೂಸನ್ನ ಯಾರೂ ನೋಡೂದಿಲ್ಲ, ಅದಕ್ಕ," ಎಂದ.

"ನೋಡೂದಿಲ್ಲ ಅಂದ್ರ?"

"ಗಾಡಿಯೊಳಗ ಕ್ಯಾಮೆರಾ ಇರ್ತದಲ್ರಿ. ಬ್ರೇಕ್ ಜೋರ್ ಬಿದ್ದಾಗ, ಗಾಲಿ ತಗ್ಗಿನೊಳಗ ಇಳದಾಗ, ತಂದಿ-ತಾಯಿ ಕಣ್ಣು ಮೊದಲ ಯಾರ ಕಡೆ ಓಡ್ತದ, ಕೈ ಯಾರ ಕಡೆ ಹೋಗ್ತದ, ಅದನ್ನ ಅದು ಕಲೀತದ. ಬಾಯಿಲೆ ಕೇಳಿದ್ರ ಯಾವ ತಾಯಿ ಹೇಳ್ತಾಳ್ರಿ? ಕಣ್ಣು ಹೇಳ್ತದ. ಮುಂದಿನ ಎರಡು ಸೀಟು ಈ ಲೆಕ್ಕದಾಗ ಇಲ್ರಿ, ಉಳದ ಮಕ್ಕಳನ್ನ ಸಾಕೂವರು ಬೇಕಲ್ಲ; ಅದು ಹೊರಗಿನ ಮಂದಿಗೆ ಗೊತ್ತಿಲ್ಲ." ಅವನು ಪರದೆಯ ಮೇಲೆ ಬೆರಳಿಟ್ಟ. "ಇಲ್ನೋಡ್ರಿ, ಕೂಸಿಗೆ ಎಲ್ಲಾಕ್ಕಿಂತ ಹೆಚ್ಚು ಅಂಕ. ಈ ಎರಡು ಹುಡುಗರಿಗೆ ಹೆಚ್ಚುಕಡಿಮಿ ಸಮ. ಇದಕ್ಕ ಏನೂ ಇಲ್ಲ. ಕೆಲಸದ ಹುಡುಗಿ ಇರಬೇಕು."

ನೀಲಾಂಬಿಕಾ ಶೌಚಾಲಯಕ್ಕೆ ಹೋಗಿ ಕದ ಹಾಕಿಕೊಂಡು ಗೋಡೆಗೆ ಆತು ನಿಂತಳು.

ಆ ಸಂಜೆ ತಪಾಸಣೆ ಮುಗಿದ ಕಾರಿನಲ್ಲಿ ಮಕ್ಕಳನ್ನೂ ಕರೆದುಕೊಂಡು ಮನೆಗೆ ಹೋಗುವಾಗ ನಾಯಿಯೊಂದು ಅಡ್ಡ ಬಂತು. ಗುರುಬಸವ ಬ್ರೇಕು ಒತ್ತಿದ. ಅವಳ ಎಡಗೈ ತಾನೇ ಹಿಂದಕ್ಕೆ ಹೋಗಿ ಗಂಗಾಳ ಎದೆಯ ಮೇಲೆ ನಿಂತಿತು. "ಸಂಗಮಾ, ಶರಣೂ, ಏನಾಗಿಲ್ಲಲ್ಲ?" ಎಂದು ಬಾಯಿ ಕೂಗಿತು. ಕೂಗಿ ಮುಗಿದ ಮೇಲೆ ಅವಳಿಗೆ ತಾನು ಮಾಡಿದ್ದು ಕಂಡಿತು. ತಿರುಗಿ ನೋಡಿದಳು. ಕೂಸಿನ ಹಾಲಿನ ಬಾಟಲಿ ಉರುಳಿ ಹಿಂದಿನ ಸಾಲಿಗೆ ಹೋಗಿತ್ತು. ಮುಕ್ತಾ ಅದನ್ನು ಹೆಕ್ಕಿ, ಬಾಯಿಯನ್ನು ಒರೆಸಿ, ಮುಂದಕ್ಕೆ ಚಾಚುತ್ತಿದ್ದಳು. "ಚಿಗವ್ವಾ, ಹಾಲು ಚೆಲ್ಲಿಲ್ಲ," ಎಂದಳು.

ಅಂದಿನಿಂದ ನೀಲಾಂಬಿಕಾ ಕಾರು ಹತ್ತಿದೊಡನೆ ಮುಕ್ತಾಳ ಕಡೆ ನೋಡಲು ತೊಡಗಿದಳು. ಅವಳ ಬೆಲ್ಟನ್ನೇ ಮೊದಲು ಬಿಗಿದಳು. ದಾರಿಯಲ್ಲಿ ಹತ್ತು ಸಲ ಮಾತಾಡಿಸಿದಳು. ಮುಕ್ತಾಗೆ ಹೆದರಿಕೆಯಾಯಿತು. "ನಾ ಏನರ ತಪ್ಪು ಮಾಡೀನೇನು ಚಿಗವ್ವಾ?" ಎಂದು ಕೇಳಿದಳು. ಬೇಸಿಗೆ ಕಳೆಯಿತು, ಮಳೆಗಾಲವೂ ಬಂತು. ನೀಲಾಂಬಿಕಾ ಗುಟ್ಟಾಗಿ ಮತ್ತೊಮ್ಮೆ ನಿರ್ಧಾರಕವನ್ನು ಹಳಿಯ ಮೇಲೆ ಓಡಿಸಿದಳು. ಏನೂ ಬದಲಾಗಿರಲಿಲ್ಲ. ಬೇರೆ ಯಾರದೋ ಮಾತೆಂಬಂತೆ ಜಯತೀರ್ಥನನ್ನು ಕೇಳಿದಳು.

"ಬೇಕಂತ ನೋಡಿದ್ದು ಲೆಕ್ಕಕ್ಕ ಬರಂಗಿಲ್ರೀ," ಎಂದ ಅವನು. "ವಿಚಾರ ಬರೂಕಿಂತ ಮೊದಲ ಕಣ್ಣು ಒಂದು ಓಟ ಓಡ್ತದಲ್ಲ, ಅದಷ್ಟೇ. ಅದನ್ನ ಸುಳ್ಳು ಮಾಡಾಕ ಯಾರಿಗೂ ಆಗಂಗಿಲ್ಲ."

ಕೊನೆಗೆ ಅವಳು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮುಧೋಳಕರರ ಎದುರು ಹೋಗಿ ಕೂತಳು. ಮುಧೋಳಕರ ವಯಸ್ಸಾದವರು, ಮಾತು ಕಡಿಮೆ. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಕಾಯ್ದೆ ಬರೂಕಿಂತ ಮೊದಲ, ಪ್ರಯೋಗದ ಎರಡು ವರ್ಷ, ಕೆಲವು ಮನಿಯವರನ್ನ ನಾವು ಗುಟ್ಟಾಗಿ ಕೇಳ್ತಿದ್ವಿ, ನೀಲಾಂಬಿಕಾ. ಗಾಡಿ ಕೊಳ್ಳೂ ಮುಂದ, ನಿಮ್ಮ ಮಕ್ಕಳನ್ನ ಸಾಲಾಗಿ ಹೇಳ್ರಿ ಅಂತ. ಅದನ್ನ ಹೇಳಿ ಮನಿಗೆ ಹೋದವರು ಒಬ್ಬರ ಮಾರಿ ಒಬ್ಬರು ನೋಡದಂಗ ಆದ್ರು. ಒಂದೂರಾಗ ಒಬ್ಬಾಕಿ ಬಾವಿಗೆ ಬಿದ್ಲು. ಅದಕ್ಕ ಕೇಳೂದು ಬಿಟ್ವಿ. ತಿಳೀದಂಗ ಆದ್ರ ನೋವಿಲ್ಲ."

"ಎಲ್ಲಾರಿಗೂ ಸಮ ಇಡಬಹುದಲ್ರಿ?"

"ಸಮ ಇಟ್ರ ಯಂತ್ರ ಚೀಟಿ ಎತ್ತತದ. ತನ್ನ ಕೂಸಿನ ಹೆಸರು ಬರೆದ ಚೀಟಿ ಡಬ್ಬಿಯೊಳಗ ಹಾಕಾಕ ಯಾವ ತಾಯಿ ಒಪ್ತಾಳ, ಹೇಳು."

ನೀಲಾಂಬಿಕಾ ಎದ್ದು ಬಂದಳು.

ಒಂದು ವಾರ ಅವಳು ಸರಿಯಾಗಿ ಉಣ್ಣಲಿಲ್ಲ. ಕಾರನ್ನು ಮಾರಿಬಿಡೋಣವೆಂದರೆ ಬರುವ ಕಾರೂ ಅವಳ ಕಣ್ಣನ್ನೇ ಓದುವುದು. ಗುರುಬಸವನಿಗೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದಳು. ಆದರೆ ಹೇಳಿದರೆ ಅವನಿಗೂ ಗೊತ್ತಾಗುತ್ತದೆ. ಗೊತ್ತಾದ ಮೇಲೆ, ಸುಮ್ಮನಿರು, ಹಾಗೇ ಬಿಡು ಎಂದರೆ? ಅವನು ಹಾಗೆನ್ನುವವನಲ್ಲ. ಅಂದುಬಿಟ್ಟರೆ ಎಂಬ ಹೆದರಿಕೆಯೇ ಅವಳ ಬಾಯಿ ಕಟ್ಟಿತು. ಒಂದು ಮುಂಜಾನೆ ಮುಕ್ತಾ ಕನ್ನಡಿಯೆದುರು ತನ್ನ ಜಡೆ ತಾನೇ ಹೆಣೆದುಕೊಳ್ಳಲು ಒದ್ದಾಡುತ್ತಿದ್ದಳು. ನೀಲಾಂಬಿಕಾ ಹಿಂದೆ ನಿಂತು ಬಾಚಣಿಗೆ ತೆಗೆದುಕೊಂಡಳು. ಹುಡುಗಿಯ ಕತ್ತು ಥೇಟ್ ಅಕ್ಕನದು. ಆ ಕತ್ತನ್ನು ತಾನು ಎಂದೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಅಂದೇ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ತನ್ನ ಕಾರಿನ ನಿರ್ಧಾರಕವನ್ನು ತೆರೆದಳು. ನಾಲ್ಕು ಮಕ್ಕಳಿಗೂ ಒಂದೇ ಅಂಕ ಇಟ್ಟಳು. ಮತ್ತೆ ಕಲಿಯದಂತೆ ಬೀಗ ಹಾಕಿದಳು. ಗಂಗಾಳ ಅಂಕ ಇಳಿಸುವಾಗ ಎರಡು ಸಲ ಬೆರಳು ಹಿಂದೆಗೆದಳು. ಸಂಗಮನದೂ ಶರಣುವಿನದೂ ಕಣ್ಣು ಮುಚ್ಚಿಕೊಂಡು ಒತ್ತಿದಳು. ಸಂಜೆ ಕಾರು ಹತ್ತಿ ಕೂತಾಗ ಎಷ್ಟೋ ತಿಂಗಳ ಮೇಲೆ ಅವಳಿಗೆ ಉಸಿರು ನೆಟ್ಟಗೆ ಆಡಿತು.

ದೀಪಾವಳಿ ಕಳೆದ ಮೇಲೆ ಗದಗಿನಲ್ಲಿ ಗುರುಬಸವನ ತಂಗಿಯ ಕೂಸಿಗೆ ತೊಟ್ಟಿಲ ಕಾರ್ಯ ಇತ್ತು. ಬೆಳಗಿನ ಬಿಸಿಲು ಹಿತವಾಗಿತ್ತು. ಸಂಗಮ ತನಗೆ ಗೊತ್ತಿದ್ದ ಒಂದೇ ಹಾಡನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಶರಣು, "ಸಾಕು ಮಾಡೋ," ಎಂದು ಹಿಂದಿನಿಂದ ಅವನ ಸೀಟಿಗೆ ಒದೆಯುತ್ತಿದ್ದ. ಎದುರಿನಿಂದ ಉಸುಕು ತುಂಬಿದ ಟಿಪ್ಪರ್ ಬರುತ್ತಿತ್ತು. ಅದರ ಮುಂದಿನ ಗಾಲಿ ಸಿಡಿದದ್ದು ಪಟಾಕಿಯಂತೆ ಕೇಳಿಸಿತು. ಟಿಪ್ಪರ್ ನಡುವಿನ ದಿಬ್ಬ ಹತ್ತಿ ಇಳಿದು ಇವರ ಕಡೆಗೇ ವಾಲಿತು. ಗುರುಬಸವ "ಅಯ್ಯೋ ಯವ್ವಾ" ಎಂದದ್ದೊಂದು ನೀಲಾಂಬಿಕಾಗೆ ನೆನಪು. ಆಮೇಲೆ ಸ್ಟಿಯರಿಂಗು ಅವನ ಕೈಮೀರಿ ತಾನೇ ತಿರುಗಿತು, ಆಕಾಶ, ಹೊಲ, ರಸ್ತೆ ಎಲ್ಲ ಒಂದು ಸುತ್ತು ಸುತ್ತಿತು.

ಯಂತ್ರ ತನ್ನ ಕೆಲಸವನ್ನು ಒಂದಿಷ್ಟೂ ತಪ್ಪಿಲ್ಲದೆ ಮಾಡಿತ್ತು. ಗಂಗಾಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಶರಣುವಿನ ಕೈ ಮುರಿದಿತ್ತು. ಮುಕ್ತಾಳ ಹಣೆಗೆ ಗಾಜು ತಾಗಿ ರಕ್ತ ಬರುತ್ತಿತ್ತು. ನಡುವಿನ ಸಾಲಿನ ಬಲ ಮೂಲೆ ಇರಲೇ ಇಲ್ಲ. ಸಂಗಮನನ್ನು ಹೊರತೆಗೆಯಲು ಕಬ್ಬಿಣ ಕತ್ತರಿಸುವವರು ಬರಬೇಕಾಯಿತು. ಅಷ್ಟು ಹೊತ್ತೂ ಮುಕ್ತಾ ರಸ್ತೆಯ ಬದಿಯಲ್ಲಿ ಗಂಗಾಳನ್ನು ತೊಡೆಯ ಮೇಲೆ ಹಾಕಿಕೊಂಡು, ಅತ್ತ ನೋಡದಂತೆ ಕೂಸಿನ ಕಣ್ಣಿನ ಮೇಲೆ ತನ್ನ ಅಂಗೈ ಇಟ್ಟುಕೊಂಡು ಕೂತಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಬಂದವರೆಲ್ಲ ಒಂದೇ ಮಾತು ಹೇಳಿದರು: ನಿರ್ಧಾರಕ ಇಲ್ಲದಿದ್ದರೆ ನಾಲ್ಕೂ ಹೋಗುತ್ತಿದ್ದವು, ಮೂರು ಉಳಿದವಲ್ಲ, ಅಷ್ಟೇ ಪುಣ್ಯ. ನೀಲಾಂಬಿಕಾ ಆ ಮಾತಿಗೆ ತಲೆ ಎತ್ತಲಿಲ್ಲ.

ಮುಧೋಳಕರ ಅವಳನ್ನು ಕರೆಸಿದರು. ಕದ ಹಾಕಿಸಿದರು.

"ಅಂಕ ಬದಲಾಗಿದ್ದು ಗೊತ್ತಾಗೇದ. ಅದನ್ನ ಮುಚ್ಚಾಕ ನನಗ ಬರೂದಿಲ್ಲ, ವರದಿಯೊಳಗ ಹೋಗ್ತದ. ನಿನ್ನ ನೌಕರಿನೂ ಹೋಗ್ತದ." ಕಡತವನ್ನು ಮುಚ್ಚಿಟ್ಟರು. "ಮೊದಲಿನ ಅಂಕ ಇಟ್ಟು ಆ ಟಿಪ್ಪರ್ ಡಿಕ್ಕೀನ್ನ ಹಳಿ ಮ್ಯಾಲೆ ಮತ್ತೊಮ್ಮೆ ಓಡಿಸಿ ನೋಡಿದ್ವಿ. ಯಾವ ಮೂಲಿ ಅಂತ ನಿನಗ ಗೊತ್ತದ. ಅದು ನನಗ, ನಿನಗ, ಜಯತೀರ್ಥಗ, ಮೂರ ಮಂದಿಗಷ್ಟ ಗೊತ್ತು. ಕಾಯ್ದೆ ಪ್ರಕಾರ ಅದನ್ನ ಯಾರಿಗೂ ಹೇಳೂಹಂಗಿಲ್ಲ, ನಿನ್ನ ಗಂಡಗೂ."

"ನಾ ಮಾಡಿದ್ದು ತಪ್ಪೇನ್ರಿ?" ಎಂದಳು ನೀಲಾಂಬಿಕಾ.

ಮುದುಕಿ ಎದ್ದು ಹೋಗಿ ಕದ ತೆರೆದರು. "ನನಗ ಮಕ್ಕಳಿಲ್ಲ," ಎಂದರು.

ವರದಿ ಬಂದ ದಿನ ಗುರುಬಸವ ಶಾಲೆಗೆ ಹೋಗಿರಲಿಲ್ಲ. ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬ ಮನೆಗೇ ಬಂದು, ಸಂಕೋಚದಿಂದಲೇ, ನಿಮ್ಮ ಗಾಡಿಯ ನಿರ್ಧಾರಕವನ್ನು ಯಾರೋ ಕೈಯಿಂದ ಬದಲಿಸಿದ್ದಾರೆ, ಅದೂ ಮೇಡಂ ಕೆಲಸ ಮಾಡುವ ಕೋಣೆಯಲ್ಲಿ, ಎಂದು ಹೇಳಿ ಚಹಾ ಕುಡಿಯದೆ ಹೋದ. ಗುರುಬಸವ ಅಡುಗೆಮನೆಗೆ ಬಂದ. ಅವಳು ಶರಣುವಿಗೆ ಅನ್ನ ಕಲಸುತ್ತಿದ್ದಳು.

"ಏನ್ ಮಾಡಿದಿ ನೀಲಾ?"

ಅವಳ ಕೈ ನಿಂತಿತು.

"ನಾಕೂ ಮಕ್ಕಳಿಗೆ ಸಮ ಮಾಡಿದ್ದೆ."

"ಯಾಕ?"

ಅವಳು ಮತ್ತೆ ಅನ್ನ ಕಲಸತೊಡಗಿದಳು.

"ಮೊದಲು ಹೆಂಗಿತ್ತು? ಹಂಗೇ ಬಿಟ್ಟಿದ್ರ ಸಂಗಮ ಉಳೀತಿದ್ನೇನು?" ಅವನ ದನಿ ಒಡೆಯಿತು. "ಹೇಳು. ಅಂವ ಉಳದ್ರ ಯಾರು ಹೋಗ್ತಿದ್ರು?"

ಗಂಗಾಳನ್ನು ಎತ್ತಿಕೊಂಡು ಮುಕ್ತಾ ಬಾಗಿಲಲ್ಲಿ ನಿಂತಿದ್ದಳು. ಹಣೆಯ ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಎಂಟು ಕಳೆದು ಒಂಬತ್ತರಲ್ಲಿದ್ದ ಹುಡುಗಿಗೆ ಎಷ್ಟು ತಿಳಿಯುತ್ತಿತ್ತೋ. ಆದರೆ ಅವಳು ಕೂಸನ್ನು ಬಿಗಿಯಾಗಿ ಅಪ್ಪಿಕೊಂಡು, ಉತ್ತರ ತನ್ನದೇ ಎಂಬಂತೆ, ಚಿಗವ್ವನ ಬಾಯಿಯನ್ನೇ ನೋಡುತ್ತಿದ್ದಳು. ಗುರುಬಸವನ ಕಣ್ಣೂ ನಿಧಾನಕ್ಕೆ ಆ ಕಡೆ ಹೊರಳತೊಡಗಿತು.

"ನಾನು," ಎಂದಳು ನೀಲಾಂಬಿಕಾ.

ಅವನ ಕಣ್ಣು ಅಲ್ಲಿಂದ ತಿರುಗಿ ಅವಳ ಮೇಲೆ ಬಂದು ನಿಂತಿತು.

"ಮುಂದಿನ ಎಡ ಮೂಲಿ ಇತ್ತು. ನಾ ಕೂಡೂದು. ನನಗ ಹೆದರಿಕಿ ಆತು. ಅದಕ್ಕ ಬದಲಿ ಮಾಡಿದೆ."

ಅವನು ಕೂಗಲಿಲ್ಲ, ಕೈ ಎತ್ತಲಿಲ್ಲ. ಎದುರಿಗಿರುವವಳು ಯಾರೆಂದು ಗುರುತು ಹತ್ತದವನಂತೆ ನಿಂತ. ಹದಿನೈದು ನಿಮಿಷದ ಹಿಂದೆ ಇಬ್ಬರೂ ಒಂದೇ ದುಃಖದಲ್ಲಿ ಕೂತಿದ್ದವರು. ಈಗ ಅವನು ಅವಳ ಕೈಯ ಅನ್ನದ ತಟ್ಟೆಯನ್ನು ತೆಗೆದುಕೊಂಡ. "ಶರಣು, ಬಾಪ್ಪಾ," ಎಂದು ಮಗನನ್ನು ಹೊರಗೆ ಕರೆದುಕೊಂಡು ಹೋಗಿ ತಾನೇ ಉಣ್ಣಿಸಿದ.

ಮುಂದಿನ ನಾಲ್ಕಾರು ದಿನ ಅವನು ಅವಳೊಂದಿಗೆ ಮಾತಾಡಲಿಲ್ಲ. ಮಾತಾಡಿದ್ದು ಬಟ್ಟೆ ತುಂಬಿದ ಎರಡು ಚೀಲಗಳನ್ನು ಪಡಸಾಲೆಗೆ ತಂದಿಟ್ಟ ಮೇಲೆ. ನರಗುಂದದಲ್ಲಿ ಅವನ ತಾಯಿ ಇದ್ದರು. ಅಲ್ಲಿನ ಶಾಲೆಗೆ ವರ್ಗ ಕೇಳಿದ್ದ.

"ಮಕ್ಕಳನ್ನ ಕರಕೊಂಡು ಹೋಗ್ತೀನಿ," ಎಂದ, ಗೋಡೆಯನ್ನು ನೋಡುತ್ತ. "ನೀ ಬರಬ್ಯಾಡ. ನಿನ್ನ ಜೀವಾ ನಿನಗ ಅದಲ್ಲ, ಅದನ್ನ ಇಟಗೊಂಡಿರು."

ಅವಳು ತಲೆಯಾಡಿಸಿದಳು. ಹೇಳಬೇಕೆಂದರೆ ಒಂದೇ ಮಾತು ಸಾಕಿತ್ತು, ಅದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದಳು. ಹೊರಗೆ ಬಾಡಿಗೆಯ ಗಾಡಿ ಬಂದು ನಿಂತಿತು. ಶರಣು ಪಟ್ಟಿ ಕಟ್ಟಿದ ಕೈ ಹೊತ್ತು ಹೋಗಿ ಹತ್ತಿದ. ಗುರುಬಸವ ಒಂದು ಕೈಯಲ್ಲಿ ಗಂಗಾಳನ್ನು ಎತ್ತಿಕೊಂಡ. ಮುಕ್ತಾ ತನ್ನ ಚೀಲವನ್ನು ಎತ್ತಿಕೊಳ್ಳಲೋ ಬೇಡವೋ ಎಂದು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತ ಬಾಗಿಲ ಹತ್ತಿರ ನಿಂತಳು.

"ಮುಕ್ತಾನ್ನೂ ಕರಕೊಂಡು ಹೋಗ್ತೀರೇನು?" ಎಂದಳು ನೀಲಾಂಬಿಕಾ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಗುರುಬಸವ ಅಷ್ಟು ದಿನಗಳಲ್ಲಿ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಅವನ ಕಣ್ಣಲ್ಲಿ ಬೆಂಕಿ ಇತ್ತು.

"ಯಾಕ, ಆಕಿ ನನ್ನ ಮಗಳಲ್ಲೇನು?" ಎಂದ. ಮುಕ್ತಾಳ ಚೀಲವನ್ನು ತಾನೇ ಹೆಗಲಿಗೇರಿಸಿ, ಅವಳ ಕೈ ಹಿಡಿದುಕೊಂಡು ಹೊರಟ.

ಗಾಡಿ ಓಣಿ ದಾಟಿ ಹೋಗುವವರೆಗೂ ನೀಲಾಂಬಿಕಾ ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು ಅಲ್ಲೇ ನೆಲದ ಮೇಲೆ ಕೂತಳು. ಸಂಗಮ ಹೋದ ಮೇಲೆ ಅವಳು ಒಮ್ಮೆಯೂ ಬಾಯಿಬಿಟ್ಟು ಅತ್ತಿರಲಿಲ್ಲ. ಅಂದು, ಕೇಳುವವರು ಯಾರೂ ಇಲ್ಲದ ಆ ಮನೆಯಲ್ಲಿ, ಅವಳು ಅವನ ಹೆಸರು ಹಿಡಿದು ಅತ್ತಳು.